‘ಭಾನುವಾರ ಬಂದರೆ ನೀವಿಬ್ಬರೂ ಅದೇನ್ ಮಾಡ್ತೀರಿ?’ ಅಂತ ಕೇಳುವವರಿಗೆ

ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. “ಮೈಸೂರಲ್ಲೇ ಇದ್ದೀರಿ. ಅರಮನೆ, ಬೆಟ್ಟ, ಜೂ, ಕೆಆರ್‌ಎಸ್ ಎಲ್ಲಾ ನೋಡಿ ಮುಗಿದಿರುತ್ತೆ. ಮತ್ತೆ ರಜೆ ಬಂತು ಅಂದ್ರೆ ಗಂಡ-ಹೆಂಡ್ತಿ ಸ್ನೇಹಿತರ ಗುಂಪು ಕಟ್ಕೊಂಡು ಎಲ್ಲಿಗೆ ಹೋಗ್ತೀರಿ, ಏನ್ ಮಾಡ್ತೀರಿ?”

ಜಾಗ ನೋಡಲು ಹೋಗುವುದನ್ನು ಬಿಟ್ಟರೆ ಈ ತಾಪತ್ರಯವೇ ಇಲ್ಲ. ಕೈಗೊಂದು ಕೆಲಸ ಇಟ್ಟುಕೊಂಡು ಹೋದರೆ ಅದೇ ಕುಕ್ಕರಹಳ್ಳಿ ಕೆರೆಗೆ ವರ್ಷವಿಡೀ ಹೋಗಬಹುದು. ಬೆಳಗ್ಗೆ ಹೊರಗೊಂದು ಕೆಲಸ, ಮಧ್ಯಾಹ್ನ ನೆರಳಲ್ಲಿ ಒಂದು ಆಟ, ನಡುವೆ ಬುತ್ತಿ ಊಟ. ದಿನಕ್ಕೆ ಇಷ್ಟೇ ಸಾಕು. ಒಂದೇ ದಿನದಲ್ಲಿ ಶ್ರೀರಂಗಪಟ್ಟಣ, ರಂಗನತಿಟ್ಟು, ಬಲಮುರಿ, ಬೃಂದಾವನ ಎಂದು ಪಟ್ಟಿ ಮಾಡಿಕೊಂಡವರು ದಿನದ ಅರ್ಧ ಪಾರ್ಕಿಂಗ್ ಹುಡುಕುವುದರಲ್ಲೇ ಕಳೆಯುತ್ತಾರೆ.

ಒಂದು ಕಡೆಗೆ 25 ಕಿ.ಮೀ. ದಾಟಬೇಡಿ. ರಂಗನತಿಟ್ಟು, ಶ್ರೀರಂಗಪಟ್ಟಣ ಈ ಗೆರೆಯೊಳಗೆ ಬರುತ್ತವೆ. ಸೋಮನಾಥಪುರ, ಮೇಲುಕೋಟೆ ಬರುವುದಿಲ್ಲ, ಅವಕ್ಕೆ ಇಡೀ ದಿನ ಬೇರೆ ಎತ್ತಿಡಿ. ಜನ 6ರಿಂದ 8 ಇದ್ದರೆ ಹದ. ಹತ್ತು ದಾಟಿದರೆ ಯಾರೋ ಇಬ್ಬರಿಗಾಗಿ ಉಳಿದ ಎಂಟು ಮಂದಿ ಗೇಟಿನ ಹತ್ತಿರ ಕಾಯುತ್ತಾ ನಿಲ್ಲಬೇಕಾಗುತ್ತದೆ.

ಮೊದಲ ಸಲ ಹೊರಡುವವರಿಗೆ ಕುಕ್ಕರಹಳ್ಳಿ ಕೆರೆಯನ್ನೇ ಹೇಳುತ್ತೇವೆ. ಮುಮ್ಮಡಿ ಕೃಷ್ಣರಾಜ ಒಡೆಯರ್ 1864ರಲ್ಲಿ ಕಟ್ಟಿಸಿದ ಕೆರೆ. ಸುತ್ತ ನಡೆಯುವ ದಾರಿ ಹತ್ತಿರ ಹತ್ತಿರ 5 ಕಿ.ಮೀ. ಬರೀ ವಾಕಿಂಗ್ ಆದರೆ ಒಂದು ಗಂಟೆ, ಹಕ್ಕಿ ನೋಡುತ್ತಾ ಹೋದರೆ ಎರಡೂವರೆಯಿಂದ ಮೂರು ಗಂಟೆ. ಬೆಳಗ್ಗೆ ಆರೂವರೆಗೆ ಅಲ್ಲಿರಿ. ಪೂರ್ವದ ದಂಡೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿ. ಆಗ ಸೂರ್ಯ ಬೆನ್ನಿಗಿರುತ್ತಾನೆ, ಹಕ್ಕಿಯ ಬಣ್ಣ ಬಣ್ಣವಾಗಿಯೇ ಕಾಣುತ್ತದೆ. ಎದುರು ಬಿಸಿಲಿಗೆ ನಿಂತರೆ ಎಲ್ಲ ಹಕ್ಕಿಯೂ ಕಪ್ಪು ನೆರಳು, ಯಾವುದು ಏನು ಅಂತ ವಾದ ಮಾಡಿಕೊಂಡೇ ಹೊತ್ತು ಹೋಗುತ್ತದೆ. ಡಿಸೆಂಬರ್, ಜನವರಿಯಲ್ಲಿ ನೀರಿನ ಮೇಲೆ ಮಂಜು ಕೂತಿರುವುದರಿಂದ ಏಳೂವರೆಗೆ ಹೋದರೂ ನಷ್ಟವಿಲ್ಲ.

ಬೈನಾಕ್ಯುಲರ್ ಎರಡು ಜನಕ್ಕೆ ಒಂದರಂತೆ ಸಾಕು. 8×42 ಅಂತ ಬರೆದಿರುವುದನ್ನು ತೆಗೆದುಕೊಳ್ಳಿ. 8 ಎಂದರೆ ಎಂಟು ಪಟ್ಟು ಹತ್ತಿರ, 42 ಎಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 10×, 12× ದೊಡ್ಡದಲ್ಲವೇ ಎಂದು ಅದನ್ನೇ ಕೊಂಡರೆ ಕೈ ನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ, ನೋಟದ ಹರವೂ ಕಿರಿದಾಗುತ್ತದೆ, ಹಾರುವ ಹಕ್ಕಿ ಕೈಗೆ ಸಿಗುವುದಿಲ್ಲ.

ಗಂಡ-ಹೆಂಡತಿ ಒಂದೇ ಬೈನಾಕ್ಯುಲರ್ ಹಂಚಿಕೊಂಡರೆ ಮಾಮೂಲಿ ದೂರು ಒಂದಿದೆ: “ನಿಂಗೆ ಕಾಣ್ಸುತ್ತೆ, ನಂಗೆ ಮಸಕು ಮಸಕು.” ಉಪಕರಣ ಕೆಟ್ಟಿಲ್ಲ. ಒಬ್ಬೊಬ್ಬರ ಎರಡು ಕಣ್ಣುಗಳ ನಡುವೆ ಪವರ್ ವ್ಯತ್ಯಾಸ ಇರುತ್ತದೆ, ಅದನ್ನು ಸರಿಮಾಡಲು ಸಾಮಾನ್ಯವಾಗಿ ಬಲಗಣ್ಣಿನ ಕೊಳವೆಯ ಸುತ್ತ ಒಂದು ಉಂಗುರ ಕೊಟ್ಟಿರುತ್ತಾರೆ. ದೂರದ ಒಂದು ಬೋರ್ಡಿನ ಅಕ್ಷರ ಗುರಿ ಇಟ್ಟುಕೊಳ್ಳಿ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಉಂಗುರ ಮಾತ್ರ ತಿರುಗಿಸಿ ಬಲಗಣ್ಣಿಗೆ ಸ್ಪಷ್ಟ ಮಾಡಿ. ಉಂಗುರ ಎಲ್ಲಿ ನಿಂತಿತೋ ಅಲ್ಲಿ ಉಗುರುಬಣ್ಣದಲ್ಲಿ ಒಂದು ಚುಕ್ಕೆ ಇಡಿ. ಅವರಿಗೆ ಕೆಂಪು, ನಿಮಗೆ ಬಿಳಿ. ಕೈ ಬದಲಾದಾಗಲೆಲ್ಲ ಉಂಗುರವನ್ನು ತಮ್ಮ ಚುಕ್ಕೆಗೆ ತಂದುಕೊಂಡರೆ ಆಯ್ತು. ಕನ್ನಡಕ ಹಾಕುವವರು ಕಣ್ಣಿನ ಹತ್ತಿರದ ರಬ್ಬರ್ ಬಟ್ಟಲನ್ನು ಮಡಚಿಕೊಳ್ಳಬೇಕು ಅಥವಾ ಒಳಗೆ ತಿರುಗಿಸಿಕೊಳ್ಳಬೇಕು. ಇಲ್ಲದಿದ್ದರೆ ಸುತ್ತ ಕಪ್ಪು ಕವಿದು ನಡುವೆ ಒಂದು ಸಣ್ಣ ವೃತ್ತ ಮಾತ್ರ ಕಾಣುತ್ತದೆ.

ಗುಂಪಿನಲ್ಲಿ ಕೆಲಸ ಹಂಚಿ: ಇಬ್ಬರು ಹುಡುಕುವುದು, ಇಬ್ಬರು ಗುರುತಿಸುವುದು, ಒಬ್ಬರು ಬರೆಯುವುದು. ಅರ್ಧ ಸುತ್ತಾದ ಮೇಲೆ ಅದಲುಬದಲು. ಪುಸ್ತಕದಲ್ಲಿ ಹೊತ್ತು, ಜಾಗ, ಹಕ್ಕಿ, ಎಷ್ಟು ಎಂಬ ನಾಲ್ಕೇ ಕಾಲಂ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ದೊಡ್ಡವು, ಅವನ್ನು ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಎಡವುವುದು ನೀರುಕಾಗೆ ಮತ್ತು ಹಾವಕ್ಕಿಯ ನಡುವೆ. ಎರಡೂ ಕಪ್ಪು, ಎರಡೂ ಬಂಡೆಯ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತವೆ. ಕೊಕ್ಕು ನೋಡಿ: ನೀರುಕಾಗೆಯದು ತುದಿಯಲ್ಲಿ ಕೊಕ್ಕೆಯಾಗಿ ಬಾಗಿರುತ್ತದೆ, ಹಾವಕ್ಕಿಯದು ನೆಟ್ಟಗೆ ಚೂಪು. ಈಜುವಾಗ ಹಾವಕ್ಕಿಯ ಮೈಯೆಲ್ಲ ನೀರಿನೊಳಗೆ, ಕತ್ತು ಮಾತ್ರ ಹೊರಗೆ. ಇನ್ನೊಂದು ಮೋಸ ಕೊಳದ ಬಕ. ಕೂತಾಗ ಮಣ್ಣಿನ ಬಣ್ಣ, ಹಾರಿದ ಕೂಡಲೇ ರೆಕ್ಕೆಯೆಲ್ಲ ಅಚ್ಚ ಬಿಳಿ. ಹೊಸಬರು ಒಂದೇ ಹಕ್ಕಿಯನ್ನು ಎರಡು ಸಲ, ಎರಡು ಹೆಸರಲ್ಲಿ ಬರೆದುಬಿಡುತ್ತಾರೆ.

ಒಂದೇ ಕೆರೆಯ ಲೆಕ್ಕ ನಾಲ್ಕಾರು ತಿಂಗಳು ಸೇರಿದ ಮೇಲೆ ರಂಗನತಿಟ್ಟಿಗೆ ಹೋದರೆ ಅದರ ರುಚಿಯೇ ಬೇರೆ. ಕಾವೇರಿಗೆ ಕಟ್ಟಿದ ಹಳೆಯ ಕಟ್ಟೆಯಿಂದ ಉಂಟಾದ ನಡುಗಡ್ಡೆಗಳು ಅವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸರ್ ಪಟ್ಟಿಗೂ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ಗೂಡು, ಮರಿ ನೋಡಬೇಕೆಂದರೆ ಫೆಬ್ರವರಿಯಿಂದ ಮೇ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ, ಆದ್ದರಿಂದ ಜುಲೈ-ಆಗಸ್ಟಿನಲ್ಲಿ ಹೊರಡುವ ಮುನ್ನ ಪೇಪರಿನಲ್ಲಿ ಹೊರಹರಿವು ನೋಡಿಕೊಳ್ಳಿ. ದೋಣಿಯಲ್ಲಿ ಎದ್ದು ನಿಲ್ಲಬೇಡಿ, ಕೈ ನೀರಿಗೆ ಇಳಿಬಿಡಬೇಡಿ. ಅಲ್ಲಿ ಮೊಸಳೆ ಬಂಡೆಯ ಬಣ್ಣದಲ್ಲೇ ಬಂಡೆಯ ಮೇಲೆ ಮಲಗಿರುತ್ತದೆ. ಹಾಗೇ ಬಲಮುರಿ, ಎಡಮುರಿ, ಸಂಗಮದ ಕಡೆ ಹೋಗಿ ನೀರಿಗಿಳಿಯುವ ಯೋಚನೆ ಬೇಡವೇ ಬೇಡ. ಮೇಲೆ ಶಾಂತವಾಗಿ ಕಂಡರೂ ಕೆಳಗೆ ಸೆಳೆತ, ಪಾಚಿ ಹಿಡಿದ ಕಲ್ಲು, ಗುಂಡಿ ಎಲ್ಲ ಇವೆ.

ಚಾಮುಂಡಿ ಬೆಟ್ಟದ ಮೆಟ್ಟಿಲ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾವಿರಕ್ಕೂ ಮೇಲೆ ಮೆಟ್ಟಿಲು, ಸುಮಾರು 700ನೆಯದರ ಹತ್ತಿರ ನಂದಿ. ಹತ್ತಿ ಹೋಗಿ, ಇಳಿಯುವಾಗ ಸಿಟಿ ಬಸ್ ಹಿಡಿಯಿರಿ. ಮಂಡಿ ನೋವು ಬರುವುದು ಹತ್ತುವಾಗಲ್ಲ, ಇಳಿಯುವಾಗ. ಪ್ಲಾಸ್ಟಿಕ್ ಕವರ್ ಕೈಯಲ್ಲಿದ್ದರೆ ಕೋತಿ ಅದನ್ನು ತಿಂಡಿ ಎಂದೇ ತಿಳಿಯುತ್ತದೆ. ಆಷಾಢ ಶುಕ್ರವಾರಗಳಲ್ಲಿ ಆ ಕಡೆ ತಲೆ ಹಾಕಬೇಡಿ, ಭಕ್ತಿ ಇದ್ದರೆ ಬೇರೆ ಮಾತು.

ಬುತ್ತಿಗೆ ಪುಳಿಯೋಗರೆಯಂಥದ್ದು ಇನ್ನೊಂದಿಲ್ಲ, ಮಧ್ಯಾಹ್ನದವರೆಗೆ ಕೆಡುವುದಿಲ್ಲ. ಎಂಟು ಜನಕ್ಕೆ 1 ಕೆ.ಜಿ. ಅಕ್ಕಿ, 125 ಗ್ರಾಂ ಹುಣಸೆಹಣ್ಣು, 50 ಗ್ರಾಂ ಬೆಲ್ಲ, 150 ಗ್ರಾಂ ಕಡಲೆಕಾಯಿ ಬೀಜ, ಅರ್ಧ ಗಿಟಕು ಕೊಬ್ಬರಿ ತುರಿ, ಮೂರು ಚಮಚ ಹುರಿದು ಪುಡಿ ಮಾಡಿದ ಕರಿ ಎಳ್ಳು. ಗೊಜ್ಜನ್ನು ಹಿಂದಿನ ರಾತ್ರಿಯೇ ಎಣ್ಣೆ ಬಿಡುವವರೆಗೆ ಕುದಿಸಿಟ್ಟುಕೊಳ್ಳಿ. ಅನ್ನಕ್ಕೆ ನೀರು ಒಂದಕ್ಕೆ ಎರಡು, ಅದಕ್ಕಿಂತ ಹೆಚ್ಚು ಬೇಡ. ಎಲ್ಲರೂ ಕೆಡಿಸುವುದು ಕಲಸುವಾಗ: ಬಿಸಿ ಅನ್ನಕ್ಕೆ ಗೊಜ್ಜು ಸುರಿದರೆ ಅಗಳು ಮುರಿದು ಮುದ್ದೆಯಾಗುತ್ತದೆ. ಅಗಲ ತಟ್ಟೆಗೆ ಹರಡಿ, ನಾಲ್ಕು ಚಮಚ ಎಣ್ಣೆ, ಚಿಟಿಕೆ ಅರಿಶಿನ ಹಾಕಿ, ಪೂರ್ತಿ ಆರಿದ ಮೇಲೆ ಕೈಯಲ್ಲೇ ಕಲಸಿ. ಎಳ್ಳುಪುಡಿ, ಕೊಬ್ಬರಿ ಕೊನೆಗೆ. ಜೊತೆಗೆ ಮೊಸರನ್ನ ಒಯ್ಯುವುದಾದರೆ ಮೊಸರು ಕಲಸಬೇಡಿ. ಅನ್ನವನ್ನು ಕಾಯಿಸಿ ಆರಿಸಿದ ಹಾಲಿನಲ್ಲಿ ಕಲಸಿ ಒಂದೇ ಚಮಚ ಮೊಸರು ಬೆರೆಸಿದರೆ ಊಟದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ.

ಊಟ ಆದ ಮೇಲೆ ಒಬ್ಬರ ಮನೆಯ ಹಜಾರದಲ್ಲಿ ಚೌಕಾಬಾರ, ಕವಡೆಯನ್ನೋ ಬೀಜವನ್ನೋ ಎಸೆದು ಕಾಯಿ ನಡೆಸುವ ಆಟ. ಇಡೀ ದಿನದಲ್ಲಿ ಜನ ನೆನಪಿಟ್ಟುಕೊಳ್ಳುವುದು ಇದನ್ನೇ, ಕೆರೆಯನ್ನಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ 5×5 ಮನೆ ಬರೆಯಿರಿ. ಒಂದೊಂದು ಮನೆಯೂ ಕಾಲಡಿಯ ಹತ್ತಿರ ಇರಲಿ, ಅಂದರೆ 8 ಸೆಂ.ಮೀ.ಗೆ ಕಡಿಮೆ ಬೇಡ. ಸಣ್ಣದಾದರೆ ಕಟ್ಟೆಯ ಮೇಲೆ ಏಳೆಂಟು ಕಾಯಿ ಕೂತಾಗ ಯಾವುದು ಯಾರದು ಗೊತ್ತಾಗುವುದಿಲ್ಲ. ನಾಲ್ಕು ಬದಿಯ ನಡುಮನೆಗೂ ಮಧ್ಯದ ಮನೆಗೂ ಅಡ್ಡಗೆರೆ ಹಾಕಿ, ಅವು ಕಟ್ಟೆ. ಕಟ್ಟೆಯಲ್ಲಿರುವ ಕಾಯಿಯನ್ನು ಹೊಡೆಯುವಂತಿಲ್ಲ. ಒಬ್ಬರಿಗೆ ನಾಲ್ಕು ಕಾಯಿ. ತನ್ನ ಕಟ್ಟೆಯಿಂದ ಹೊರಟು ಬಲಗಡೆಯಿಂದ ಹೊರಸುತ್ತು, ಅದು ಮುಗಿದ ಮೇಲೆ ಒಳಸುತ್ತು ತಿರುವುಮುರುವು, ಕೊನೆಗೆ ನಡುಮನೆಗೆ ಹೋಗಿ ಹಣ್ಣು. ಹೊರಗೆ 15, ಒಳಗೆ 8, ನಡುವಿಗೆ 1, ಒಟ್ಟು 24 ಹೆಜ್ಜೆ.

ಕವಡೆ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಹುಣಸೆಬೀಜ ಇನ್ನೂ ಚೆನ್ನ. ಒಂದೇ ಗಾತ್ರದ ಆರು ಬೀಜ ಆರಿಸಿ, ಒರಟು ಕಲ್ಲಿನ ಮೇಲೆ ಎರಡು ಹನಿ ನೀರು ಹಾಕಿ ಒಂದು ಬದಿ ತೇಯಿರಿ. ಒಣಗಿದ್ದೇ ತೇಯ್ದರೆ ಬೀಜ ಬಿಸಿಯಾಗಿ ಬೆರಳು ಸುಡುತ್ತದೆ. ಕಂದು ಸಿಪ್ಪೆ ಹೋಗಿ ಬಿಳಿ ಭಾಗ ಅಂಚಿನವರೆಗೆ ಬಂದ ಕೂಡಲೇ ನಿಲ್ಲಿಸಿ. ಇನ್ನೂ ತೇಯ್ದರೆ ಬೀಜ ತೆಳುವಾಗಿ, ಉರುಳದೆ ಬಿದ್ದಲ್ಲೇ ಪಟ್ಟನೆ ಕೂರುತ್ತದೆ. ಆಮೇಲೆ ಒಂದೊಂದನ್ನೂ 50 ಸಲ ಎಸೆದು ಎಣಿಸಿ. ಒಂದೇ ಬಣ್ಣ 35ಕ್ಕಿಂತ ಹೆಚ್ಚು ಸಲ ಬಂದರೆ ಆ ಬೀಜ ಪಕ್ಕಕ್ಕೆ. ಉಳಿದವುಗಳಲ್ಲಿ ನಾಲ್ಕು ಆಟಕ್ಕೆ, ಒಂದೆರಡು ಕಾಪಾಗಿ. ಮೂರಕ್ಕೆ ಇಳಿದರೆ ಇನ್ನೊಂದು ತೇಯಿರಿ.

ಬಿಳಿ ಒಂದು ಬಿದ್ದರೆ 1, ಎರಡಕ್ಕೆ 2, ಮೂರಕ್ಕೆ 3, ನಾಲ್ಕೂ ಬಿಳಿಯಾದರೆ 4, ನಾಲ್ಕೂ ಕಂದಾದರೆ 8. ನಾಲ್ಕಕ್ಕೂ ಎಂಟಕ್ಕೂ ಇನ್ನೊಂದು ಎಸೆತ. ಬೀಜ ಎರಡು ಬದಿಗೂ ಸಮವಾಗಿ ಬೀಳುತ್ತದೆ ಎಂದು ಹಿಡಿದರೆ 16 ಎಸೆತಗಳಲ್ಲಿ 2 ಬೀಳುವುದು ಸರಾಸರಿ 6 ಸಲ, 1 ಮತ್ತು 3 ತಲಾ 4 ಸಲ, 4 ಮತ್ತು 8 ತಲಾ ಒಂದೇ ಸಲ. ಇಡೀ ಆಟದ ಗುಟ್ಟು ಇಲ್ಲಿದೆ. ಎದುರಾಳಿಗೆ ಸರಿಯಾಗಿ ಎರಡು ಮನೆ ಮುಂದೆ ನಿಂತಿರೋ, ಹೊಡೆಸಿಕೊಳ್ಳುವ ಅಪಾಯ ಎಲ್ಲಕ್ಕಿಂತ ಹೆಚ್ಚು. ನಾಲ್ಕು ಮನೆ ಮುಂದಿದ್ದರೆ ಬಹುಪಾಲು ಪಾರು. ಹತ್ತಿರವೆಂದು ಹೆದರಿ ಮೂರರಿಂದ ನಾಲ್ಕಕ್ಕೆ ಒಂದೇ ಹೆಜ್ಜೆ ಸರಿದರೂ ಲಾಭವೇ. ಹಳೇ ಆಟಗಾರರು ಈ ಲೆಕ್ಕವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಕಾಯಿ ನಡೆಸುವುದು ಮಾತ್ರ ಇದರಂತೆಯೇ.

ಜಗಳ ಬರುವುದು ನಿಯಮದಿಂದ. ಮಂಡ್ಯದ ಮನೆಯ ಪದ್ಧತಿಗೂ ಮೈಸೂರಿನ ಮನೆಯ ಪದ್ಧತಿಗೂ ಇರಲಿ, ಒಂದೇ ಬೀದಿಯ ಎರಡು ಮನೆಗೇ ತಾಳೆಯಾಗುವುದಿಲ್ಲ. ಶುರು ಮಾಡುವ ಮುಂಚೆ ಮೂರು ಮಾತು ಇತ್ಯರ್ಥವಾಗಲಿ. ಕಾಯಿ ಇಳಿಸಲು 4 ಅಥವಾ 8 ಬೀಳಲೇಬೇಕೇ? ಬೇಡ ಅನ್ನಿ. ಅದು ಬೀಳುವುದು ಎಂಟರಲ್ಲಿ ಒಂದು ಸಲ, ಅರ್ಧ ಗಂಟೆ ಸುಮ್ಮನೆ ಎಸೆಯುತ್ತಾ ಕೂರಬೇಕಾಗುತ್ತದೆ. ಒಳಸುತ್ತಿಗೆ ಹೋಗಲು ಒಂದಾದರೂ ಕಾಯಿ ಹೊಡೆದಿರಬೇಕೇ? ಹೌದು, ಇಲ್ಲದಿದ್ದರೆ ಎಲ್ಲರೂ ಕಟ್ಟೆಯಿಂದ ಕಟ್ಟೆಗೆ ಹಾರಿಕೊಂಡು ಹೋಗುತ್ತಾರೆ, ಆಟಕ್ಕೆ ಉಪ್ಪು ಖಾರ ಇರುವುದಿಲ್ಲ. ಹಣ್ಣು ಮಾಡಲು ಲೆಕ್ಕ ಸರಿಯಾಗಿ ಬೀಳಬೇಕೇ? ಬೀಳಬೇಕು.

ಎಂಟು ಜನ ಇದ್ದರೆ ಬದಿಗಿಬ್ಬರು, ಒಬ್ಬರು ಎಸೆಯುವುದು, ಒಬ್ಬರು ನಡೆಸುವುದು. ಗಂಡ-ಹೆಂಡತಿಯನ್ನು ಮಾತ್ರ ಒಂದೇ ಬದಿಗೆ ಕೂರಿಸಬೇಡಿ. “ಅದನ್ ಯಾಕ್ರೀ ನಡೆಸಿದ್ರಿ?” ಎಂಬಲ್ಲಿಂದ ಶುರುವಾಗಿದ್ದು ಹೋದ ವರ್ಷದ ಮದುವೆ ಮನೆಯವರೆಗೂ ಹೋಗುತ್ತದೆ. ಎದುರುಬದುರು ಕೂರಿಸಿ, ಒಬ್ಬರ ಕಾಯಿ ಇನ್ನೊಬ್ಬರು ಹೊಡೆಯಲಿ, ಉಳಿದವರಿಗೆ ಅದೇ ಮನರಂಜನೆ. ಒಂದು ಆಟಕ್ಕೆ ಮುಕ್ಕಾಲರಿಂದ ಒಂದು ಗಂಟೆ ಹಿಡಿಯುತ್ತದೆ. 7×7 ಬರೆದು ಆರು ಕವಡೆ ಹಿಡಿದರೆ ಸಂಜೆ ಕಾಫಿಯ ಹೊತ್ತಿಗೂ ಮುಗಿಯುವುದಿಲ್ಲ.

ಇಬ್ಬರೇ ಇದ್ದ ದಿನ ಅಳಗುಳಿ ಮಣೆ ಸಾಕು. ಅದಕ್ಕೆ ಗುಲಗಂಜಿ ಚೆಂದ ಕಾಣುತ್ತದೆ ಎಂದು ಹಾಕಿಕೊಳ್ಳಬೇಡಿ. ಅಗಿದು ನುಂಗಿದರೆ ಕಡುವಿಷ, ಮಕ್ಕಳು ಓಡಾಡುವ ಮನೆಯಲ್ಲಿ ಅದು ಇರಲೇಬಾರದು. ಇಲ್ಲೂ ಹುಣಸೆಬೀಜವೇ ಇರಲಿ.

“ಮಳೆ ಬಂದ್ರೆ?” ಎನ್ನುವುದು ಮುಂದಿನ ಪ್ರಶ್ನೆ. ಜಗನ್ಮೋಹನ ಅರಮನೆಗೆ ಹೋಗಿ. 1861ರಲ್ಲಿ ಕಟ್ಟಿಸಿದ್ದು, ಕಟ್ಟಿಸಿದವರು ಅದೇ ಮುಮ್ಮಡಿ. ಅವರು ರೂಪಿಸಿದ ಹಾಸು ಆಟಗಳ ಮನೆಗಳನ್ನು ಅಲ್ಲಿ ಮೇಲಿನ ಗೋಡೆಗಳ ಮೇಲೆ ಬರೆದಿದ್ದಾರೆ. ಜನ ಕೆಳಗೆ ಚಿತ್ರ ನೋಡಿ, ಇವನ್ನು ವಿನ್ಯಾಸವೆಂದುಕೊಂಡು ಮುಂದೆ ಹೋಗಿಬಿಡುತ್ತಾರೆ. ಒಂದು ಆಟದ ಮುಂದೆ ನಿಂತು ಹೊರಸುತ್ತು ಎಲ್ಲಿ, ಒಳದಾರಿ ಎಲ್ಲಿ, ಹಣ್ಣಿನ ಮನೆ ಯಾವುದು ಎಂದು ಹುಡುಕಿ. ಜೊತೆಗೆ ಒಂದು ಚೌಕಳಿ ಲೆಕ್ಕದ ಪುಸ್ತಕ, ಒಂದು ಪೆನ್ಸಿಲ್ ಇರಲಿ. ಮಂಗಳವಾರ ಮಾತ್ರ ರಜೆ ಇರುವ ಸ್ನೇಹಿತರಿದ್ದರೆ ಅವರಿಗೊಂದು ಸೂಚನೆ: ಆ ದಿನ ಜೂ, ಕಾರಂಜಿ ಕೆರೆ ಎರಡೂ ಬಂದ್.