ಆಸ್ಪತ್ರೆ ತಪಾಸಣೆ ಪುಸ್ತಿಕೆ: ಮೂರನೇ ಕರಡು

ಸುಲಭ ಓದಿನ (ಚಿಕ್ಕ ವಾಕ್ಯ, ಜೊತೆಗೆ ಚಿತ್ರ ಇರುವ) ಪುಸ್ತಿಕೆ ಮೂರನೇ ಕರಡಿಗೆ ಬಂದಿದೆ. ವಿಷಯ ಹಳೆಯದೇ: ತಪಾಸಣೆಗೆ ಆಸ್ಪತ್ರೆಗೆ ಹೋದಾಗ ಏನೇನು ಆಗುತ್ತದೆ. ಓದುಗರು ಬೌದ್ಧಿಕ ನ್ಯೂನತೆ ಇರುವ ವಯಸ್ಕರು. ನಮ್ಮ ಸ್ವಯಂಸೇವಾ ಸಂಸ್ಥೆಯ ಪುಟ್ಟ ಗುಂಪು ಬರೆಯುತ್ತದೆ, ಆ ಓದುಗರಲ್ಲೇ ಕೆಲವರು ಪರೀಕ್ಷಕರಾಗಿ ತಿದ್ದಿಸುತ್ತಾರೆ. ವಯಸ್ಕರು ಅಂತ ಒತ್ತಿ ಹೇಳೋದಕ್ಕೆ ಕಾರಣವಿದೆ. ಹೊಸದಾಗಿ ಸೇರಿದವರನ್ನು ಚಿತ್ರ ಬಿಡಿಸಲು ಕೂರಿಸಿದರೆ ಮೊದಲು ಹುಟ್ಟುವುದು ಬಲೂನು, ಕರಡಿಮರಿ.

ಅಕ್ಷರ, ಪುಟವಿನ್ಯಾಸ

ಬೇಗ ಮುಗಿಯಿತು. ಬೌದ್ಧಿಕ ನ್ಯೂನತೆ ಇರುವವರ ಮತ್ತು ಅವರ ಮನೆಯವರ ಯುರೋಪಿನ ಒಕ್ಕೂಟವಾದ ಇನ್‌ಕ್ಲೂಷನ್ ಯುರೋಪ್ ಸಂಸ್ಥೆಯ ನಿಯಮಗಳನ್ನು ಹಿಡಿದೆವು: ಅಕ್ಷರ ಕನಿಷ್ಠ 14 ಪಾಯಿಂಟ್, ಪ್ರತಿ ವಾಕ್ಯವೂ ಹೊಸ ಸಾಲಿನಿಂದ, ಸಾಲಿನ ಕೊನೆಯಲ್ಲಿ ಪದ ಮುರಿಯಬಾರದು. ಕನ್ನಡಕ್ಕೆ ಆ ಗಾತ್ರ ಸಾಲದು, ಒತ್ತಕ್ಷರಗಳು ಕಣ್ಣಿಗೆ ಸಿಗುವುದಿಲ್ಲ. 18ಕ್ಕೆ ಏರಿಸಿ ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಟ್ಟಿದ್ದೇವೆ.

ಚಿತ್ರ

ಸ್ಪೇನಿನ ಅರಗಾನ್ ಪ್ರಾಂತ್ಯದ ಸರ್ಕಾರ ಉಚಿತವಾಗಿ ಕೊಡುವ ಅರಾಸಾಕ್ ಎಂಬ ಸರಳ ಸಂಕೇತಚಿತ್ರಗಳನ್ನು ಬಳಸುತ್ತಿದ್ದೇವೆ. ಮಾರಾಟಕ್ಕಲ್ಲದ ಕೆಲಸಕ್ಕೆ ಅಡ್ಡಿಯಿಲ್ಲ, ಯಾರದೆಂದು ನಮೂದಿಸಬೇಕು, ತಿದ್ದಿ ಹಂಚಿದರೆ ಅದೇ ಪರವಾನಗಿಯಲ್ಲೇ ಹಂಚಬೇಕು. ಹೆಚ್ಚಿನವು ನೋಡಿದ ಕೂಡಲೇ ಅರ್ಥವಾದವು. ಎಡವಿದ್ದು ಬಿಪಿ ಪುಟದಲ್ಲಿ. ತೋಳಿಗೆ ಸುತ್ತಿದ ಪಟ್ಟಿ ನೋಡಿ ಒಬ್ಬ ಪರೀಕ್ಷಕರು, "ಪಾಪ, ಕೈ ಮುರಿದಿದೆ" ಅಂದರು. ಈಗ ಅಲ್ಲಿ ನಿಜವಾದ ಯಂತ್ರದ ಫೋಟೊ ಇದೆ. ಕೆಳಗೆ ಎರಡು ಸಾಲು:

ಪಟ್ಟಿ ತೋಳನ್ನು ಬಿಗಿಯಾಗಿ ಹಿಡಿಯುತ್ತದೆ.
ಸ್ವಲ್ಪ ಹೊತ್ತಾದ ಮೇಲೆ ಬಿಡುತ್ತದೆ.

ಎರಡನೇ ಸಾಲು ಬೇಕೇ ಬೇಕೆಂದು ಹಟ ಹಿಡಿದವರೂ ಅವರೇ. ಬಿಡುತ್ತೆ ಅಂತ ಮೊದಲೇ ಗೊತ್ತಿದ್ದರೆ ಕೈ ಕೊಡಬಹುದು ಎನ್ನುವುದು ಅವರ ವಾದ. ನಾವು ಯಾರೂ ಆ ದಿಕ್ಕಿನಲ್ಲಿ ಯೋಚಿಸಿರಲಿಲ್ಲ.

ಪರೀಕ್ಷೆ

"ಅರ್ಥವಾಯ್ತಾ?" ಎಂಬ ಪ್ರಶ್ನೆಯನ್ನು ಪೂರ್ತಿ ಕೈಬಿಟ್ಟಿದ್ದೇವೆ. ಹೌದು-ಇಲ್ಲ ಪ್ರಶ್ನೆ ಕೇಳಿದರೆ ಬೌದ್ಧಿಕ ನ್ಯೂನತೆ ಇರುವವರು ಹೌದು ಕಡೆಗೇ ವಾಲುವುದು ಹೆಚ್ಚು ಎಂದು ಅಮೆರಿಕದ ಕ್ಯಾರಲ್ ಸೀಗಲ್‌ಮನ್ ಮತ್ತು ಸಂಗಡಿಗರು 1981ರಲ್ಲೇ ತೋರಿಸಿದ್ದರು. ಹೂಂ ಅಂದಾಗಲೆಲ್ಲ ಜಾಣ, ಜಾಣೆ ಅನ್ನಿಸಿಕೊಂಡೇ ಬೆಳೆದವರು ಮತ್ತೇನು ಹೇಳಿಯಾರು? ಹಾಗಾಗಿ ಪುಸ್ತಿಕೆ ಮುಚ್ಚಿಟ್ಟು, "ಈಗ ನರ್ಸ್ ಏನು ಮಾಡ್ತಾರೆ? ನನಗೆ ಮಾಡಿ ತೋರಿಸಿ" ಎನ್ನುತ್ತೇವೆ. ಎಲ್ಲಿ ಕೈ ತಡವರಿಸುತ್ತದೋ ಆ ಪುಟ ಮತ್ತೆ ಮೇಜಿಗೆ.

ಜಗಳದ ಪುಟ

"ನಾನು ಬೇಡ ಎನ್ನಬಹುದು" ಎಂಬ ಪುಟಕ್ಕೆ ಮನೆಯವರಿಂದ ಆಕ್ಷೇಪ ಬಂತು. ಹೀಗೆ ಬರೆದರೆ ಸೂಜಿ ಚುಚ್ಚಿಸಿಕೊಳ್ಳುವವರು ಯಾರು ಅಂತ. ಆತಂಕ ಸುಳ್ಳಲ್ಲ, ಆಮೇಲೆ ರಾತ್ರಿಯೆಲ್ಲ ಜ್ವರ ನೋಡಿಕೊಳ್ಳುವವರು ಅವರೇ ತಾನೆ. ಆದರೂ ಪುಟ ತೆಗೆಯಲಿಲ್ಲ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 25ನೇ ವಿಧಿ, ವಿಷಯ ತಿಳಿದು ಕೊಡುವ ಒಪ್ಪಿಗೆಯ ಮೇಲೆ ಚಿಕಿತ್ಸೆ ನಡೆಯಬೇಕು ಎನ್ನುತ್ತದೆ. ಬೇಡ ಎನ್ನಲು ಬಿಡದೆ ಪಡೆದದ್ದು ಒಪ್ಪಿಗೆ ಹೇಗಾಗುತ್ತದೆ? ಅದರ ಹಿಂದೆ ಎರಡು ಪುಟ ಸೇರಿಸಿದೆವು: "ಇದು ಯಾಕೆ ಬೇಕು ಎಂದು ಕೇಳಬಹುದು", "ಸ್ವಲ್ಪ ನಿಲ್ಲಿಸಿ ಎನ್ನಬಹುದು". ಎರಡನೆಯದನ್ನು ನೋಡಿದ ಮೇಲೆ ಆಕ್ಷೇಪಿಸಿದವರೂ ಸ್ವಲ್ಪ ಮೆತ್ತಗಾದರು.

ಹಣ

ಕಾಗದ, ಮುದ್ರಣ ಅಂದರೆ ದಾನಿಗಳು ತಕ್ಷಣ ಒಪ್ಪುತ್ತಾರೆ. ಪರೀಕ್ಷಕರಿಗೆ ಗೌರವಧನ ಅಂದ ಕೂಡಲೇ ಹುಬ್ಬು ಮೇಲೇರುತ್ತದೆ, "ಅವರಿಗೋಸ್ಕರವೇ ಮಾಡ್ತಿರೋದಲ್ವಾ?" ಅಂತ. ನನ್ನ ಪ್ರಕಾರ ಈ ಪುಸ್ತಿಕೆಯಲ್ಲಿ ಪರಿಣತಿ ಇರುವವರು ಅವರೊಬ್ಬರೇ. ಬಣ್ಣದ ರಕ್ಷಾಪುಟ ಬಿಟ್ಟು ಉಳಿಸಿದ ದುಡ್ಡು ಅವರಿಗೆ ಹೋಗುತ್ತದೆ.

ಮುಂದಿನ ಕೆಲಸ: ಕೊನೆಯ ಪುಟದಲ್ಲಿ ಹರಿದು ಕೈಲಿ ಹಿಡಿಯುವ ಒಂದು ಕಾರ್ಡ್. ಪಕ್ಕದಲ್ಲಿರುವ ಅಣ್ಣನನ್ನೋ ಅಮ್ಮನನ್ನೋ ನೋಡಿ "ಇವರಿಗೆ ಎಲ್ಲಿ ನೋವು?" ಎನ್ನುವ ಡಾಕ್ಟರಿಗೆ ತೋರಿಸಲು. ಅದರ ಮೇಲಿನ ಸಾಲನ್ನು ಪರೀಕ್ಷಕರೇ ಬರೆಸಿದ್ದಾರೆ: "ನನ್ನನ್ನೇ ಕೇಳಿ. ನಿಧಾನ ಹೇಳ್ತೀನಿ." ಲ್ಯಾಮಿನೇಟ್ ಮಾಡಿಸುವುದೋ ಬೇಡವೋ ಇನ್ನೂ ತೀರ್ಮಾನವಾಗಿಲ್ಲ.