ನ್ಯೂಯಾರ್ಕಿನ ಹೈ ಲೈನ್: ಉತ್ತರದ ತುದಿಯಿಂದ ಹತ್ತಿ

ಹುಬ್ಬಳ್ಳಿ-ಧಾರವಾಡದಿಂದ ನ್ಯೂಜೆರ್ಸಿಗೆ ಮಗನ ಮನೆಗೋ ಮಗಳ ಬಾಣಂತನಕ್ಕೋ ಹೊರಟವರು ನ್ಯೂಯಾರ್ಕಿನ ಹೈ ಲೈನಿಗೆಂದು, ಅಂದರೆ ಹಳೆಯ ರೈಲು ಮಾರ್ಗದ ಮೇಲೆ ಮಾಡಿದ ಉದ್ಯಾನಕ್ಕೆಂದು, ಮೂರು ತಾಸು ಎತ್ತಿಡಿ. ಟಿಕೆಟ್ ಇಲ್ಲ. 1934ರಲ್ಲಿ ಸರಕು ಗಾಡಿಗಳಿಗೆಂದು ಕಂಬಗಳ ಮೇಲೆ ಕಟ್ಟಿದ ಈ ಮಾರ್ಗದಲ್ಲಿ ಕೊನೆಯ ಗಾಡಿ ಓಡಿದ್ದು 1980ರಲ್ಲಿ. ಕೆಡವಲು ಹೊರಟದ್ದನ್ನು ಅಲ್ಲಿನ ನಿವಾಸಿಗಳು ಹಟ ಹಿಡಿದು ಉಳಿಸಿಕೊಂಡರು. 2009ರಿಂದ ಹಂತಹಂತವಾಗಿ ಉದ್ಯಾನವಾಯಿತು. ಉದ್ದ 2.33 ಕಿ.ಮೀ., ಅಂದರೆ ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮಿನ ಸುಮಾರು ಒಂದೂವರೆ ಪಟ್ಟು.

ಹೆಚ್ಚಿನವರು ದಕ್ಷಿಣದ ಗ್ಯಾನ್ಸವೋರ್ಟ್ ಬೀದಿಯಲ್ಲಿ ಹತ್ತುತ್ತಾರೆ. ನ್ಯೂಜೆರ್ಸಿಯಿಂದ ರೈಲಿನಲ್ಲಿ ಬರುವವರಿಗೆ ಅದು ಸುತ್ತು. ನ್ಯೂಯಾರ್ಕಿನ ಪೆನ್ ಸ್ಟೇಷನ್‌ನಲ್ಲಿ ಇಳಿದು, ಅಲ್ಲೇ ಶೌಚ ಮುಗಿಸಿಕೊಂಡು (ಮೇಲೆ ಹತ್ತಿದ ಮೇಲೆ ಬೇಕೆಂದಲ್ಲಿ ಸಿಗದು, 16ನೇ ಬೀದಿಯ ಹತ್ತಿರ ಇದೆ), ಪಶ್ಚಿಮಕ್ಕೆ ಕಾಲು ತಾಸಿನ ಮೇಲೆ ನಡೆದರೆ 34ನೇ ಬೀದಿಯ ತುದಿ ಬರುತ್ತದೆ. ಅಲ್ಲಿ ಮೆಟ್ಟಿಲ ಕಾಟವಿಲ್ಲ, ಇಳಿಜಾರು ದಾರಿಯಿದೆ. ಮೊಣಕಾಲು ನೋವಿದ್ದವರು ನಡುವೆ ಇಳಿಯುವುದಾದರೆ 30, 23, 14ನೇ ಬೀದಿ ಮತ್ತು ಗ್ಯಾನ್ಸವೋರ್ಟಿನಲ್ಲಿ ಲಿಫ್ಟ್ ಇವೆ. ಒಂದೊಂದು ಸಲ ಕೆಟ್ಟಿರುತ್ತವೆ, ಹೊರಡುವ ಮುಂಚೆ ಉದ್ಯಾನದ ವೆಬ್‌ಸೈಟ್ ನೋಡಿಕೊಳ್ಳಿ.

ಈ ಉತ್ತರದ ತುಂಡನ್ನು ಅವಸರದಲ್ಲಿ ದಾಟಬೇಡಿ. ಹಳೆಯ ಹಳಿ, ಅದರ ಸಂದಿಯಲ್ಲಿ ತಾನಾಗಿ ಬೆಳೆದ ಗಿಡಗಳನ್ನು ಇದ್ದಂತೆಯೇ ಬಿಟ್ಟಿರುವುದು ಇಲ್ಲೇ. ಕೆಳಗೆ ಯಾರ್ಡಿನಲ್ಲಿ ರೈಲುಗಳು ಸಾಲಾಗಿ ನಿಂತಿರುತ್ತವೆ. ದಕ್ಷಿಣದ ಭಾಗದಲ್ಲಿ ಹಳಿಗಳನ್ನು ಗುರುತು ಹಾಕಿ ಕಿತ್ತು, ನೀರು ಸೋರದಂತೆ ತಳ ಭದ್ರ ಮಾಡಿ, ಮಣ್ಣು ತುಂಬಿ ಮತ್ತೆ ಕೂರಿಸಿದ್ದಾರೆ. ನಡೆಯುವ ದಾರಿಯ ಕಾಂಕ್ರೀಟ್ ಹಲಗೆಗಳ ನಡುವೆ ಸಂದಿ ಬಿಟ್ಟಿದ್ದೇಕೆಂದರೆ ಮಳೆನೀರು ಪಕ್ಕದ ಗಿಡಗಳಿಗೆ ಇಳಿಯಲಿ ಎಂದು.

16ನೇ ಬೀದಿಯ ಬಳಿ ಮಾರ್ಗ ಕಟ್ಟಡದೊಳಗೇ ನುಗ್ಗುತ್ತದೆ: ಸರಕನ್ನು ನೇರ ಕಾರ್ಖಾನೆಯ ಮೇಲ್ಮಹಡಿಗೇ ಇಳಿಸುವ ವ್ಯವಸ್ಥೆ ಅದು. ಅದಕ್ಕೂ ಮುಂಚೆ ರೈಲು 10ನೇ ಅವೆನ್ಯೂದ ರಸ್ತೆಯ ಮೇಲೇ ಓಡಿ ಜನ ಸಾಯುತ್ತಿದ್ದರು. ಗಾಡಿಯ ಮುಂದೆ ಕುದುರೆ ಸವಾರ ಎಚ್ಚರಿಸುತ್ತ ಹೋಗಬೇಕಿತ್ತು.

ಮಾರ್ಚ್-ಏಪ್ರಿಲ್‌ನಲ್ಲಿ ಹೋದರೆ ನಿರಾಸೆ ಖಂಡಿತ. ಚಳಿಗಾಲವಿಡೀ ಬಿಟ್ಟಿದ್ದ ಒಣ ಕಡ್ಡಿಗಳನ್ನು ಆಗ ಬುಡಕ್ಕೆ ಕತ್ತರಿಸಿರುತ್ತಾರೆ, ಬರೀ ಕೂಳೆ ಕಾಣುತ್ತದೆ. ಮೇದಿಂದ ಅಕ್ಟೋಬರ್ ಒಳ್ಳೆಯದು. ಹುಲ್ಲನ್ನೂ ಇಷ್ಟು ಮುತುವರ್ಜಿಯಿಂದ ಬೆಳೆಸುತ್ತಾರಾ ಎಂದು ನಮ್ಮ ಕಡೆಯ ರೈತರು ನಕ್ಕಾರು. ಹಿಮ ಬಿದ್ದಾಗ ಕೆಲ ಭಾಗ ಮುಚ್ಚುವುದುಂಟು. ಶನಿವಾರ-ಭಾನುವಾರ ಮಧ್ಯಾಹ್ನ ಬೇಡವೇ ಬೇಡ: ದಾರಿ ಕಿರಿದಾದಲ್ಲಿ ಫೋಟೊ ತೆಗೆಯುವವರು ಅಡ್ಡ ನಿಲ್ಲುತ್ತಾರೆ. ವಾರದ ದಿನ ಬೆಳಿಗ್ಗೆ ಚಪಾತಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿಕೊಂಡು ಹೋಗಿ, ಬೆಂಚಿನಲ್ಲಿ ಕೂತು ತಿನ್ನಲು ಅಡ್ಡಿಯಿಲ್ಲ.

ಗ್ಯಾನ್ಸವೋರ್ಟಿನಲ್ಲಿ ಇಳಿದವರು 14ನೇ ಬೀದಿ, 8ನೇ ಅವೆನ್ಯೂ ನಿಲ್ದಾಣದಿಂದ ಉತ್ತರಕ್ಕೆ ಹೋಗುವ ‘ಎ’ ಎಕ್ಸ್‌ಪ್ರೆಸ್ ಮೆಟ್ರೊ ಹಿಡಿದರೆ ಮುಂದಿನ ನಿಲ್ದಾಣವೇ ಪೆನ್ ಸ್ಟೇಷನ್.