ಪೊಹೊಯಿಕಿಯ ಕಪ್ಪು ಮರಳು

ಹವಾಯಿಯ ದೊಡ್ಡ ದ್ವೀಪಕ್ಕೆ ಹೋದವರು ಹೆಚ್ಚಾಗಿ ಕೋನಾ ಕಡೆ ಉಳಿಯುತ್ತಾರೆ. ಅಲ್ಲಿ ಮಳೆ ಕಡಿಮೆ, ಹೋಟೆಲು ಜಾಸ್ತಿ. ನಾವು ಉಳಿದದ್ದು ದ್ವೀಪದ ಇನ್ನೊಂದು ತುದಿಯಲ್ಲಿ, ಪುನಾ ಸೀಮೆಯ ಪಾಹೋವಾ ಊರಿನ ಹತ್ತಿರ. ದಿನಕ್ಕೆ ನಾಲ್ಕು ಸಲ ಮಳೆ ಬಂದು ಹೋಗುವ ಜಾಗ ಅದು. ಪಪಾಯಿ ತೋಟ, ಬಾಳೆ, ಮನೆ ಮುಂದೆ ದಾಸವಾಳ. ನೋಡುವುದಕ್ಕೆ ನಮ್ಮ ಗಂಗೊಳ್ಳಿ ಕಡೆಯ ಹಾಗೇ ಇದೆ. ಆದರೆ ಈ ಊರುಗಳೆಲ್ಲ ಕಿಲಾವೆಯಾ ಜ್ವಾಲಾಮುಖಿಯ ಮಗ್ಗುಲಲ್ಲಿ ಇವೆ. ನೆಲದಡಿಯಲ್ಲಿ ಉದ್ದಕ್ಕೂ ಬಿರುಕುಗಳಿವೆ. ಆ ಬಿರುಕುಗಳಿಂದ ಲಾವಾ ಯಾವಾಗ, ಯಾರ ಹಿತ್ತಲಲ್ಲಿ ಏಳುತ್ತದೆ ಅಂತ ಮೊದಲೇ ಹೇಳಲಾಗದು.

ಬೆಳಿಗ್ಗೆ ನಾನು, ನನ್ನ ಗಂಡ, ಏಳು ವರ್ಷದ ಮಗಳು ಕಾರಿನಲ್ಲಿ ಕಲಪಾನಾ ಕಡೆ ಇಳಿದೆವು. ರಸ್ತೆ ಒಂದು ಕಡೆ ಸುಮ್ನೆ ನಿಂತುಬಿಡುತ್ತದೆ. ಮುಂದೆ ಬರೀ ಕಪ್ಪು ಬಂಡೆ. 1983ರಲ್ಲಿ ಶುರುವಾದ ಕಿಲಾವೆಯಾದ ಒಂದು ಸ್ಫೋಟ 2018ರ ತನಕ, 35 ವರ್ಷ ನಡೆಯಿತು. ನಡುವೆ 1990ರಲ್ಲಿ ಅದರ ಲಾವಾ ಕಲಪಾನಾ ಊರನ್ನು ಮುಚ್ಚಿತು. ಪಕ್ಕದ ಕೈಮೂ ಕೊಲ್ಲಿಯನ್ನೂ ತುಂಬಿಬಿಟ್ಟಿತು. ಕೈಮೂವಿನಲ್ಲಿ ಒಂದು ಹೆಸರಾಂತ ಕಪ್ಪು ಮರಳಿನ ತೀರ ಇತ್ತು, ತೆಂಗಿನ ಸಾಲಿತ್ತು. ಅದೆಲ್ಲ ಈಗ ಕಲ್ಲಿನಡಿ. ಲಾವಾ ಬರುವ ಮುಂಚೆ ಊರಿನವರು ಗೋಡೆ ತುಂಬ ಚಿತ್ರಗಳಿದ್ದ ಪುಟ್ಟ ಮರದ ಚರ್ಚನ್ನು ಇಡಿಯಾಗಿ ಎತ್ತಿ ಗಾಡಿಯ ಮೇಲೆ ಸಾಗಿಸಿದರು. ಅದು ಈಗಲೂ ರಸ್ತೆ ಪಕ್ಕದಲ್ಲಿ ಇದೆ. ನಾವು ಹೋದಾಗ ಒಳಗೆ ಯಾರೂ ಇರಲಿಲ್ಲ.

ಬಂಡೆಯ ಮೇಲೆ ನಡೆದು ಸಮುದ್ರದ ತನಕ ಹೋಗಬಹುದು. ಕಾಯಿಸಿದ ಬೆಲ್ಲದ ಪಾಕ ಸುರಿದು ಗಟ್ಟಿಯಾದರೆ ಹೇಗೆ ಮಡಿಕೆ ಮಡಿಕೆ ಆಗುತ್ತದೋ, ಈ ಲಾವಾ ಹಾಗಿದೆ. ಬಿಸಿಲಿಗೆ ಅಲ್ಲಲ್ಲಿ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಬಿರುಕುಗಳಲ್ಲಿ ಜರೀಗಿಡ, ಮೊಣಕಾಲೆತ್ತರದ ಓಹಿಯಾ ಗಿಡ. ಲಾವಾ ತಣಿದ ಮೇಲೆ ಆ ದ್ವೀಪದಲ್ಲಿ ಮೊದಲು ಬೇರು ಬಿಡುವ ಮರಗಳಲ್ಲಿ ಓಹಿಯಾ ಒಂದು. ಕೆಂಪು ಕುಚ್ಚಿನ ಹೂ ಬಿಡುತ್ತದೆ. ಆ ಬೋಳು ಬಂಡೆಯಲ್ಲಿ ಒಂದು ಹೂ ಕಂಡರೂ ನಿಂತು ನೋಡಬೇಕೆನ್ನಿಸುತ್ತದೆ.

ಕೊನೆಯಲ್ಲಿ ಹೊಸ ಕೈಮೂ ತೀರ. ಅಲ್ಲಿ ತೆಂಗಿನ ಸಸಿಗಳಿವೆ, ಕೆಲವು ಆಗಲೇ ಮರಗಳಾಗಿವೆ. ಇವು ತಾವಾಗಿ ಹುಟ್ಟಿದವಲ್ಲ. ಊರು ಕಳೆದುಕೊಂಡ ಜನ ಮೊಳಕೆ ಬಂದ ಕಾಯಿ ಹೊತ್ತುಕೊಂಡು ಈ ಬಂಡೆಗಳ ಮೇಲೆ ನಡೆದು ಬಂದು ನೆಟ್ಟವು. ಒಂದು ಕಾಯಿ ಎಷ್ಟು ಭಾರ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಅಲೆ ತುಂಬ ಜೋರಾಗಿತ್ತು, ನೀರಿಗಿಳಿಯುವ ಜಾಗವಲ್ಲ. ಸ್ವಲ್ಪ ಹೊತ್ತು ಕೂತು ಎದ್ದೆವು.

ಅಲ್ಲಿಂದ ಈಶಾನ್ಯಕ್ಕೆ ಕಡಲ ಪಕ್ಕದಲ್ಲೇ 137ನೇ ನಂಬರಿನ ರಸ್ತೆ. ಹಳಬರು ಅದನ್ನು ಕೆಂಪು ರಸ್ತೆ ಅನ್ನುತ್ತಾರೆ. ಮೊದಲು ಕೆಂಪು ಲಾವಾ ಪುಡಿ ಹಾಕಿದ್ದರಂತೆ. ಅಗಲ ಕಮ್ಮಿ, ಏರಿಳಿತ ಜಾಸ್ತಿ, ಮೇಲೆ ಮಾವಿನ ಮರಗಳು ಕೂಡಿಕೊಂಡಿವೆ. ಒಂದೆಡೆ ಗಾಳಿಮರದ ತೋಪು ಬಂತು. ಕುಂದಾಪುರದಿಂದ ಕಾರವಾರದ ತನಕ ಬೀಚಿನಲ್ಲಿ ನೆಟ್ಟಿರುವ ಅದೇ ಮರ, ಅದೇ ಸುಯ್ ಅನ್ನುವ ಸದ್ದು. ಕಣ್ಣು ಮುಚ್ಚಿದರೆ ತ್ರಾಸಿಯಲ್ಲಿದ್ದೇನೆ ಅನ್ನಿಸಿತು. ಕಣ್ಣು ಬಿಟ್ಟರೆ ಬೀಚೇ ಇಲ್ಲ. ಕಪ್ಪು ಗೋಡೆಯಂಥ ದಂಡೆ, ಕೆಳಗೆ ಬಡಿಯುವ ನೀರು.

ಮಧ್ಯಾಹ್ನದ ಹೊತ್ತಿಗೆ ಪೊಹೊಯಿಕಿ ತಲುಪಿದೆವು. ನಾನು ನೋಡಬೇಕೆಂದು ಹಟ ಹಿಡಿದು ಬಂದದ್ದು ಈ ಜಾಗವನ್ನೇ.

2018ರ ಮೇ 3ರಂದು ಲೆಯ್‌ಲಾನಿ ಎಸ್ಟೇಟ್ಸ್ ಎಂಬ ಬಡಾವಣೆಯ ರಸ್ತೆ ಬಾಯಿ ಬಿಟ್ಟು ಲಾವಾ ಹೊರಬಂತು. ಒಟ್ಟು 24 ಬಿರುಕು. ಅದರಲ್ಲಿ ಎಂಟನೆಯದರಿಂದ ಹೊರಟದ್ದು ನದಿಯಾಗಿ ಕಡಲಿಗೆ ಹೋಯಿತು. ಜೂನ್ ಮೊದಲ ವಾರದಲ್ಲಿ ಕಪೋಹೋ ಕೊಲ್ಲಿ ತುಂಬಿತು. ಹವಳವಿದ್ದ ತಿಳಿನೀರಿನ ಕೊಳಗಳು ಹೋದವು, ಒಂದು ಹಳೆಯ ಕೆರೆ ಕುದಿದು ಆವಿಯಾಯಿತು. ಆಗಸ್ಟ್‌ನಲ್ಲಿ ನಿಲ್ಲುವಷ್ಟರಲ್ಲಿ 700ಕ್ಕೂ ಹೆಚ್ಚು ಮನೆಗಳು ಇಲ್ಲವಾಗಿದ್ದವು. ಸಮುದ್ರದಲ್ಲಿ ಸುಮಾರು 875 ಎಕರೆ ಹೊಸ ನೆಲ ಎದ್ದಿತ್ತು.

ಪೊಹೊಯಿಕಿಯಲ್ಲಿ ದೋಣಿಗಳನ್ನು ನೀರಿಗಿಳಿಸುವ ಬೋಟ್ ರ‍್ಯಾಂಪಿನಿಂದ ಸುಮಾರು 230 ಅಡಿ ದೂರದಲ್ಲಿ ಲಾವಾ ನಿಂತಿತು. ರ‍್ಯಾಂಪ್ ಉಳಿಯಿತು. ಆದರೆ ಮರಳು ಬಂತು. ಕೆಂಪಗೆ ಕಾದ ಲಾವಾ ತಣ್ಣೀರಿಗೆ ಬಿದ್ದೊಡನೆ ಗಾಜಿನ ಚೂರುಗಳಾಗಿ ಸಿಡಿಯುತ್ತದೆ. ಅಲೆ ಅದನ್ನು ಅರೆಯುತ್ತದೆ, ನೀರಿನ ಸೆಳೆತ ದಡದುದ್ದಕ್ಕೂ ಹೊತ್ತು ತಂದು ಸಿಕ್ಕ ಮೂಲೆಯಲ್ಲಿ ಸುರಿಯುತ್ತದೆ. ಹೀಗೆ ಆ ಬೇಸಿಗೆಯಲ್ಲೇ, ಬೀಚ್ ಇಲ್ಲದ ಜಾಗದಲ್ಲಿ ಬೀಚ್ ಹುಟ್ಟಿತು. ಡಿಸೆಂಬರಿನಲ್ಲಿ ಪಾರ್ಕ್ ಮತ್ತೆ ತೆರೆದಾಗ ಜನ ಅದರ ಮೇಲೆ ನಡೆದಾಡಿದರು.

ಮಗಳು ಹುಟ್ಟಿದ್ದು 2017ರಲ್ಲಿ. "ಈ ಮರಳಿಗಿಂತ ನೀನು ದೊಡ್ಡವಳು" ಅಂದೆ. ಅವಳು ನಂಬಲಿಲ್ಲ. ಅಪ್ಪನ ಹತ್ತಿರ ಹೋಗಿ ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ಒಂದು ಹಿಡಿ ಎತ್ತಿ ತುಂಬ ಹೊತ್ತು ನೋಡುತ್ತಾ ನಿಂತಳು. ನನಗೂ ಅದನ್ನು ಅರಗಿಸಿಕೊಳ್ಳುವುದು ಸುಲಭವಾಗಿರಲಿಲ್ಲ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳೂ ಲಾವಾ ತಣಿದು ಆದವೇ. ಆದರೆ ಅದು ಸುಮಾರು 8 ಕೋಟಿ 80 ಲಕ್ಷ ವರ್ಷ ಹಿಂದಿನ ಮಾತು. ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲ. ಅಷ್ಟು ಹಿಂದಿನದನ್ನು ಶಾಲೆಯಲ್ಲಿ ಓದಿ ಒಪ್ಪಿಕೊಳ್ಳುತ್ತೇವೆ. ಇಲ್ಲಿ ಕಾಲಡಿಯ ಮರಳು ಬಂದ ತಿಂಗಳು ಊರಿನವರಿಗೆಲ್ಲ ಗೊತ್ತು. ಬಂದದ್ದನ್ನು ಕಣ್ಣಾರೆ ಕಂಡಿದ್ದಾರೆ.

ಮರಳು ಮಸಿ ಕಪ್ಪು, ಹರಳು ಹರಳು. ಬಿಸಿಲಿಗೆ ಚೆನ್ನಾಗಿ ಕಾದಿತ್ತು, ಚಪ್ಪಲಿ ಬಿಟ್ಟು ನಡೆಯಲಾಗಲಿಲ್ಲ. ನೊರೆ ಅದರ ಮೇಲೆ ಹರಿದಾಗ ಬಿಳುಪು ಎದ್ದು ಕಾಣುತ್ತಿತ್ತು. ಹಿಂದುಗಡೆ ಮರಳಿನ ದಿಣ್ಣೆಯಿಂದ ತಡೆದು ನಿಂತ ನೀರಿನ ಹೊಂಡಗಳು, ನೆಲದ ಕಾವಿಗೆ ಉಗುರು ಬೆಚ್ಚಗೆ. ಕೆಲವರು ಮಕ್ಕಳನ್ನು ಕೂರಿಸಿಕೊಂಡು ಆರಾಮಾಗಿ ಮೀಯುತ್ತಿದ್ದರು. ಬ್ಯಾಕ್ಟೀರಿಯಾ ಇರಬಹುದು, ಮೈಮೇಲೆ ಗಾಯವಿದ್ದರೆ ಇಳಿಯಬೇಡಿ ಎಂದು ಎಚ್ಚರಿಸುತ್ತಾರೆ. ಮಗಳ ಮೊಣಕಾಲಲ್ಲಿ ತರಚು ಗಾಯ ಇದ್ದದ್ದರಿಂದ ನಾವು ಇಳಿಯಲಿಲ್ಲ.

ರ‍್ಯಾಂಪ್ ಹುಡುಕಿಕೊಂಡು ಹೋದೆ. ಕಾಂಕ್ರೀಟಿನ ಇಳಿಜಾರು ನೇರ ಮರಳಿನ ಗುಡ್ಡೆಗೆ ಹೋಗಿ ಮುಗಿಯುತ್ತದೆ. ನೀರು ಇನ್ನೂ ದೂರ. ಬೀಚಿನ ಚೆಂದ ನೋಡಿ ಬಂದಿದ್ದ ನನಗೆ ಇಲ್ಲಿ ಹೊಟ್ಟೆಯೊಳಗೆ ಕಿವುಚಿದ ಹಾಗಾಯಿತು. ಇದು ನನಗೆ ಗೊತ್ತಿರುವ ಸಂಕಟ. ಗಂಗೊಳ್ಳಿಯಲ್ಲಿ ಐದು ಹೊಳೆ ಸೇರಿ ಕಡಲಿಗೆ ಹೋಗುತ್ತವೆ. ಆ ಅಳಿವೆ ಬಾಗಿಲಲ್ಲಿ ಹೂಳು ತುಂಬಿದರೆ ಬೋಟು ಒಳಗೆ ತರುವುದೇ ಒಂದು ಯುದ್ಧ. ಅಪ್ಪಯ್ಯ ಕಡಲಿಗೆ ಹೋದ ದಿನ ಅಮ್ಮ ಬಾಗಿಲಲ್ಲಿ ನಿಂತು ಕಾಯುತ್ತಿದ್ದದ್ದು ಆಳ ಸಮುದ್ರಕ್ಕೆ ಹೆದರಿ ಅಲ್ಲ, ಆ ಅಳಿವೆಗೆ ಹೆದರಿ.

ಅಲ್ಲೇ ಗೋಡೆಯ ಮೇಲೆ ಒಬ್ಬ ಹಿರಿಯರು ಕೂತು ಗಾಳದ ದಾರ ಬಿಡಿಸುತ್ತಿದ್ದರು. ಆ ದ್ವೀಪದಲ್ಲೂ ಹಿರಿಯರನ್ನು ಅಂಕಲ್, ಆಂಟಿ ಅಂತಲೇ ಕರೆಯುತ್ತಾರೆ, ನನಗೆ ಮಾತಾಡಿಸಲು ಸುಲಭವಾಯಿತು. "ಅಂಕಲ್, ಇಲ್ಲಿಂದಲೇ ಮೀನಿಗೆ ಹೋಗುತ್ತಿದ್ರಾ?" ಎಂದು ಕೇಳಿದೆ. ತಲೆಯಾಡಿಸಿದರು. ಇಡೀ ಪುನಾಕ್ಕೆ ಇದ್ದದ್ದು ಇದೊಂದೇ ರ‍್ಯಾಂಪ್. ಓಪೆಲು ಎಂಬ, ಬಂಗುಡೆ ಗಾತ್ರದ ಮೀನು ಇಲ್ಲಿ ಹತ್ತಿರದಲ್ಲೇ ಸಿಗುತ್ತಿತ್ತು. ಈಗ ದೋಣಿಯನ್ನು ಟ್ರೇಲರಿನಲ್ಲಿ ಹಿಲೋ ತನಕ ಎಳೆಯಬೇಕು. ಅಲ್ಲಿ ನೀರಿಗಿಳಿಸಿ ಕುಮುಕಾಹಿ ಮೂಲೆ ಸುತ್ತಿ ಮತ್ತೆ ಇಲ್ಲಿಗೇ ಬರಬೇಕು. ಎಣ್ಣೆಯ ಖರ್ಚು ಲೆಕ್ಕ ಹಾಕಿದರೆ ಮೀನು ಹಿಡಿಯುವುದೇ ಬೇಡ ಅನ್ನಿಸುತ್ತದೆ ಅಂದರು. ಅವರ ತಂಗಿಯ ಮನೆಯೂ ಲಾವಾದಡಿ ಹೋಗಿತ್ತು. ಅದರ ಬಗ್ಗೆ ಕೇಳಿದ್ದಕ್ಕೆ, "ಪೆಲೆ ಅವಳ ಜಾಗ ಅವಳು ತಗೊಂಡಳು. ಅದಕ್ಕೆ ನಾನೇನೂ ಹೇಳುವುದಿಲ್ಲ" ಎಂದರು. ಪೆಲೆ ಅವರ ಬೆಂಕಿಯ ದೇವಿ. ರ‍್ಯಾಂಪಿನ ಮರಳಿನ ವಿಷಯ ಮಾತ್ರ ಬೇರೆ. ಅದನ್ನು ತೆಗೆಯುವುದು ಮನುಷ್ಯರ ಕೈಲಿ ಆಗುವ ಕೆಲಸ, ಮಾಡಲೇಬೇಕು ಅಂತ ಗಟ್ಟಿಯಾಗಿ ಹೇಳಿದರು. ನನಗೆ ಅವರ ಮಾತು ಪೂರ್ತಿ ಸರಿ ಅನ್ನಿಸಿತು.

ಆ ರಾತ್ರಿ ಊರಿಗೆ ಫೋನ್ ಮಾಡಿ ಅಪ್ಪಯ್ಯನಿಗೆ ಎಲ್ಲ ಹೇಳಿದೆ. ಲಾವಾ, ಕಪ್ಪು ಮರಳು, ಬಿಸಿನೀರ ಹೊಂಡ ಎಲ್ಲವನ್ನೂ ಕೇಳಿಸಿಕೊಂಡರು. ರ‍್ಯಾಂಪಿನ ಮಾತು ಬಂದಾಗ ಮಾತ್ರ ನಡುವೆ ಬಾಯಿ ಹಾಕಿದರು. "ಹೂಳ್ ತೆಗುಕೆ ಯಾರೂ ಬರ್ಲಿಲ್ಯಾ?"

2025ರಲ್ಲಿ ಪೊಹೊಯಿಕಿಯಲ್ಲಿ ಹೂಳೆತ್ತುವ ಕೆಲಸ ಶುರುವಾದ ಸುದ್ದಿ ಓದಿದೆ. ತುಂಬ ಖುಷಿಯಾಯಿತು. ಮಗಳು ಮುಖ ಸಣ್ಣ ಮಾಡಿದಳು, ತನಗಿಂತ ಚಿಕ್ಕ ಬೀಚನ್ನು ಯಾಕೆ ತೆಗೆಯುತ್ತಾರೆ ಅಂತ. ರ‍್ಯಾಂಪಿನ ಎದುರಿನದಷ್ಟೇ ತೆಗೆಯುವುದು, ಗೋಡೆ ಮೇಲೆ ಕೂತಿದ್ದ ಅಂಕಲ್‌ಗೆ ದೋಣಿ ಇಳಿಸಬೇಕಲ್ವಾ ಅಂದೆ. ಅಪ್ಪಯ್ಯನಿಗೂ ಫೋನ್ ಮಾಡಿದೆ. ಎಷ್ಟು ಅಡಿ ಆಳ ತೆಗೆಯುತ್ತಾರೆ, ತೆಗೆದ ಮರಳನ್ನು ಎಲ್ಲಿ ಹಾಕುತ್ತಾರೆ, ಮತ್ತೆ ತುಂಬದ ಹಾಗೆ ಏನು ಮಾಡುತ್ತಾರೆ ಅಂತ ಒಂದರ ಹಿಂದೆ ಒಂದು ಕೇಳುತ್ತಾ ಹೋದರು.